ಪಹಣಿಯಿಂದ ಹಿಂದಕ್ಕೆ: 1900ಕ್ಕೂ ಮೊದಲಿನ ರೈತ ಮನೆತನವನ್ನು ದಾಖಲೆಯಲ್ಲಿ ಹುಡುಕುವುದು ಹೇಗೆ? (ಗೌರಿಬಿದನೂರು ಕಡೆ)

ಉತ್ತರಪಿನಾಕಿನಿ:
ಎಲ್ಲರಿಗೂ ನಮಸ್ಕಾರ. ಗೌರಿಬಿದನೂರು ತಾಲ್ಲೂಕಿನ ಒಂದು ಒಕ್ಕಲು ಮನೆತನದ ವಂಶಾವಳಿಯನ್ನು ದಾಖಲೆ ಸಮೇತ ಕಟ್ಟಬೇಕಾಗಿದೆ. ಈಗ ಕೈಯಲ್ಲಿರುವುದು ಮೂರು ಕಾಗದ. ಮೊದಲನೆಯದು ಸರ್ವೆ ನಂಬರ್ 45/2ರ 1968-69ನೇ ಸಾಲಿನ ಕೈಬರಹದ ಪಹಣಿ, ಖಾತೇದಾರರು "ಪಿಳ್ಳಪ್ಪ ಬಿನ್ ದೊಡ್ಡಮುನಿಯಪ್ಪ" (ದೊಡ್ಡಮುನಿಯಪ್ಪನ ಮಗ ಪಿಳ್ಳಪ್ಪ). ಎರಡನೆಯದು 1951ರ ನೋಂದಣಿ ಆದ ಭೋಗ್ಯ ಪತ್ರ (ಸಾಲಕ್ಕೆ ಹೊಲ ಒಪ್ಪಿಸಿದ್ದು). ಮೂರನೆಯದು ಒಂದು ಹಳೆಯ ಛಾಪಾ ಕಾಗದ. ಅದರಲ್ಲಿ ಇಂಗ್ಲಿಷ್ ತಾರೀಖು ಇಲ್ಲ, "ಧಾತು ಸಂವತ್ಸರದ ಮಾರ್ಗಶಿರ ಬಹುಳ" ಎಂದಿದೆ. ಸರ್ವೆ ನಂಬರೂ ಇಲ್ಲ, "ಬೇವಿನಮರದ ಹೊಲ" ಎಂಬ ಹೆಸರು, ನಾಲ್ಕು ಕಡೆ ಚೆಕ್ಕುಬಂದಿ (ಎಲ್ಲೆ) ಅಷ್ಟೆ. ಬರೆದುಕೊಟ್ಟವನು "ಮುನಿಯಪ್ಪ".

ಈ ಮುನಿಯಪ್ಪನೇ ಪಹಣಿಯ ದೊಡ್ಡಮುನಿಯಪ್ಪನೋ, ಅವನ ಅಪ್ಪನೋ ಅಥವಾ ಬೇರೆ ಮನೆಯವನೋ ತಿಳಿಯುವುದು ಹೇಗೆ? ಹಳೆಯ ಜನಗಣತಿಯಲ್ಲಿ ಹೆಸರು ಸಿಗುತ್ತದೆಯೇ? ಯಾವ ಕಚೇರಿಗೆ ಮೊದಲು ಹೋಗಬೇಕು?

ಟಿಪ್ಪಣಿಸಾಲು:
ಮೇಡಂ, ಜನಗಣತಿಯ ಆಸೆ ಬಿಟ್ಟುಬಿಡಿ. ಮೈಸೂರು ಸಂಸ್ಥಾನದಲ್ಲಿ 1871ರಲ್ಲೂ 1881ರಲ್ಲೂ ಗಣತಿ ಆಗಿದೆ. ಓದಲು ಸಿಗುವುದು ಅವುಗಳ ವರದಿ ಮತ್ತು ಕೋಷ್ಟಕ. ಅಲ್ಲಿ ತಲೆ ಎಣಿಕೆ ಇದೆ, ರೈತನ ಹೆಸರಿಲ್ಲ. ಚರ್ಚುಗಳಲ್ಲಿ ಇರುವಂಥ ಹುಟ್ಟು-ಮದುವೆ-ಸಾವಿನ ಪುಸ್ತಕ ನಮ್ಮ ಹಳ್ಳಿಗಳ ಒಕ್ಕಲು ಮನೆಗಳಿಗೆ ಇರಲಿಲ್ಲ. ರೈತನ ಹೆಸರು ಸರ್ಕಾರಿ ಕಾಗದಕ್ಕೆ ಏರುತ್ತಿದ್ದದ್ದು ಕಂದಾಯದ ಕಾರಣಕ್ಕೆ. ಆದ್ದರಿಂದ ಹೊಲದ ಬೆನ್ನು ಹತ್ತಿ. ಹೆಸರು ಹತ್ತು ಮನೆಯಲ್ಲಿ ಇರುತ್ತದೆ, ಸರ್ವೆ ನಂಬರ್ 45 ಆ ಗ್ರಾಮದಲ್ಲಿ ಒಂದೇ.

ಹಿಂದಕ್ಕೆ ಹೋಗುವಾಗ ಒಂದು ಮೆಟ್ಟಿಲೂ ಹಾರಬಾರದು. ಭೂಮಿ ತಂತ್ರಾಂಶದಲ್ಲಿ ಸಿಗುವ ಪಹಣಿ ಸುಮಾರು 2000-01ರಿಂದ ಈಚಿನದು. ಅದಕ್ಕೂ ಹಿಂದಿನ ಕೈಬರಹದ ಪಹಣಿಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ಹಳೆಯ ದಾಖಲೆಗಳ ಸ್ಕ್ಯಾನಿಂಗ್ ನಡೆಯುತ್ತಿರುವುದರಿಂದ ಮೊದಲು ಆನ್‌ಲೈನಿನಲ್ಲಿ ನೋಡಿ, ಸಿಗದಿದ್ದರೆ ನಕಲು ಅರ್ಜಿ ಹಾಕಿ. ಅರ್ಜಿಯಲ್ಲಿ "45/2" ಎಂದು ಬರೆದರೆ ಅದೊಂದನ್ನೇ ಕೊಡುತ್ತಾರೆ. "ಸರ್ವೆ ನಂಬರ್ 45ರ ಎಲ್ಲ ಹಿಸ್ಸಾಗಳು" ಎಂದು ಬರೆಯಿರಿ. ಹಿಸ್ಸಾ ಎಂದರೆ ಒಂದು ನಂಬರು ಒಡೆದು ಆದ ಪಾಲು. ಅಣ್ಣತಮ್ಮಂದಿರು ಪಕ್ಕದ ಹಿಸ್ಸಾದಲ್ಲಿ ಕೂತಿರುತ್ತಾರೆ, ಒಂದೇ ಹಿಸ್ಸಾ ನೋಡಿದವರಿಗೆ ಅರ್ಧ ಮನೆತನ ಕಾಣುವುದೇ ಇಲ್ಲ.

ಪಹಣಿ ಮುಗಿದ ಮೇಲೆ ಐ.ಎಲ್. ಮತ್ತು ಆರ್.ಆರ್. ಕೇಳಿ. ಐ.ಎಲ್. ಎಂದರೆ ಇಂಡೆಕ್ಸ್ ಆಫ್ ಲ್ಯಾಂಡ್ಸ್, ಯಾವ ಸರ್ವೆ ನಂಬರಿಗೆ ಯಾವ ಆರ್.ಆರ್. ಪುಟ ಎಂದು ತೋರಿಸುವ ಪುಸ್ತಕ. ಆರ್.ಆರ್. ಎಂದರೆ ರೆಕಾರ್ಡ್ ಆಫ್ ರೈಟ್ಸ್. ಹಳೇ ಮೈಸೂರಿನಲ್ಲಿ ಇದಕ್ಕೆ 1927ರ ಕಾಯ್ದೆ ಆಧಾರ. ಇದರಲ್ಲಿ ಹಿಡುವಳಿದಾರನ ಹೆಸರಿನ ಜೊತೆ ಹಕ್ಕು ಹೇಗೆ ಬಂತು ಎಂಬುದೂ ಇರುತ್ತದೆ: ಪಿತ್ರಾರ್ಜಿತವೋ, ಕ್ರಯವೋ, ವಿಭಾಗವೋ. "ಪಿತ್ರಾರ್ಜಿತ" ಎಂದಿದ್ದರೆ ಅದೇ ನಂಬರಿನಲ್ಲಿ ಇನ್ನೂ ಹಿಂದಕ್ಕೆ ಹೋಗಬಹುದು. "ಕ್ರಯ" ಎಂದಿದ್ದರೆ ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಹಿಂದೆ ಆ ಹೊಲದಲ್ಲಿ ಸಿಗುವುದು ಮಾರಿದವನ ಮನೆತನ, ನಿಮ್ಮದಲ್ಲ. ಬಹಳ ವಂಶಾವಳಿಗಳು ಹಾಳಾಗುವುದು ಇಲ್ಲೇ.

ಕೋರ್ಟುಕಡತ:
ಟಿಪ್ಪಣಿಸಾಲು ಸರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. ಪಹಣಿಯ ಒಂಬತ್ತನೇ ಕಾಲಮ್ಮಿನ ಹೆಸರನ್ನು ಮಾತ್ರ ಬರೆದುಕೊಂಡು ಬರಬೇಡಿ. ಅದರ ಪಕ್ಕದಲ್ಲೇ ಎಂ.ಆರ್. (ಮ್ಯುಟೇಷನ್, ಅಂದರೆ ಖಾತೆ ಬದಲಾವಣೆ) ನಂಬರ್, ಐ.ಎಚ್.ಸಿ. (ವಾರಸಿಕೆ) ನಂಬರ್ ಎಂದು ಸಣ್ಣ ಅಕ್ಷರದಲ್ಲಿ ವರ್ಷ ಸಮೇತ ಇರುತ್ತದೆ. ಹೆಸರು ಬದಲಾದದ್ದು ಯಾವ ಕಾರಣಕ್ಕೆ ಎಂಬುದಕ್ಕೆ ಅದೇ ಕೀಲಿಕೈ. ಆ ನಂಬರು ಹಿಡಿದು ಮ್ಯುಟೇಷನ್ ರಿಜಿಸ್ಟರಿನ ನಕಲು ಕೇಳಿ. ಪೌತಿ ಖಾತೆ (ಸತ್ತವರಿಂದ ವಾರಸುದಾರರ ಹೆಸರಿಗೆ ಬಂದದ್ದು) ಆಗಿದ್ದರೆ ಅದರ ಕಡತವನ್ನೇ ಕೇಳಿ. ಕಡತದೊಳಗೆ ವಂಶವೃಕ್ಷ, ಮಹಜರು, ಸಾಕ್ಷಿಗಳ ಹೇಳಿಕೆ, ಸತ್ತವರ ತಾರೀಖು ಸಿಗಬಹುದು. ಒಂದು ಪೌತಿ ಕಡತ ಸಿಕ್ಕರೆ ಮೂರು ತಲೆಮಾರು ಒಟ್ಟಿಗೆ ಸಿಕ್ಕಂತೆ.

ಆದರೆ ಆ ವಂಶವೃಕ್ಷವನ್ನು ಪೂರ್ತಿ ನಂಬುವ ಹಾಗಿಲ್ಲ. ಖಾತೆಗೆ ಬೇಕಾದವರನ್ನು ಮಾತ್ರ ಬರೆಸಿರುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಮಕ್ಕಳಿಲ್ಲದೆ ತೀರಿಕೊಂಡ ತಮ್ಮ, ಊರು ಬಿಟ್ಟ ಅಣ್ಣ ಇವರೆಲ್ಲ ಬಿಟ್ಟುಹೋಗಿರುತ್ತಾರೆ. ಬಿಟ್ಟುಹೋದವರು ಸಿಗುವುದು ವಿಭಾಗದ ದಾವೆಯಲ್ಲಿ. ಮುನ್ಸೀಫ್ ಕೋರ್ಟಿನ ಹಳೆಯ ಪಾಲಿನ ದಾವೆ ಇದ್ದರೆ ವಾದಪತ್ರದಲ್ಲೇ ವಂಶಾವಳಿ ಬರೆದಿರುತ್ತಾರೆ. ಎದುರು ಪಕ್ಷದವರು ಅದನ್ನು ಅಲ್ಲಗಳೆದು ತಮ್ಮದೊಂದು ಬರೆದಿರುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಇಬ್ಬರೂ ಒಪ್ಪಿದ ಭಾಗ ಗಟ್ಟಿ.

1951ರ ಭೋಗ್ಯ ಪತ್ರದ ಹಿಂಬದಿ ನೋಡಿ. "1ನೇ ಪುಸ್ತಕದ ಇಷ್ಟನೇ ಸಂಪುಟ, ಇಂತಿಷ್ಟು ಪುಟ, ನಂಬರ್ ಇಷ್ಟು" ಎಂದು ಉಪನೋಂದಣಿ ಕಚೇರಿಯ ಷರಾ ಇರುತ್ತದೆ. ಆನ್‌ಲೈನ್ ಋಣಭಾರ ಪತ್ರ 2004ರಿಂದ ಈಚೆಗೆ ಮಾತ್ರ. ಹಿಂದಿನದಕ್ಕೆ ಕಚೇರಿಯಲ್ಲೇ ಸೂಚಿ ಹುಡುಕಿಸಬೇಕು. 1ನೇ ಸೂಚಿ ಹೆಸರಿನ ಪ್ರಕಾರ, 2ನೇ ಸೂಚಿ ಆಸ್ತಿಯ ಪ್ರಕಾರ. 2ನೇ ಸೂಚಿಯನ್ನೇ ಹಿಡಿಯಿರಿ. 1ನೇ ಪುಸ್ತಕ ಮತ್ತು ಅದರ ಸೂಚಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಲ್ಲಿ ಹಾಗೆ ಇದೆ. ಮರಣಶಾಸನದ 3ನೇ ಪುಸ್ತಕಕ್ಕೆ ಆ ಸಲೀಸು ಇಲ್ಲ.

ಉತ್ತರಪಿನಾಕಿನಿ:
ತುಂಬಾ ಉಪಕಾರವಾಯಿತು. ಪಹಣಿಯಲ್ಲಿ 45/1, 45/2, 45/3ಎ, 45/3ಬಿ ಎಂದು ನಾಲ್ಕು ಹಿಸ್ಸಾ ಇವೆ. ವಿಸ್ತೀರ್ಣ ಕ್ರಮವಾಗಿ 2 ಎಕರೆ, 2 ಎಕರೆ, 1 ಎಕರೆ, 1 ಎಕರೆ. ಖರಾಬು (ಸಾಗುವಳಿಗೆ ಬಾರದ ಜಾಗ) 12 ಗುಂಟೆ. ಇದರಿಂದ ಏನಾದರೂ ತಿಳಿಯುತ್ತದೆಯೇ?

ಟಿಪ್ಪಣಿಸಾಲು:
ಬಹಳ ತಿಳಿಯುತ್ತದೆ. ಮೂಲ ನಂಬರಿನ ಒಟ್ಟು ವಿಸ್ತೀರ್ಣ 6 ಎಕರೆ 12 ಗುಂಟೆ ಇರಬೇಕು. ಆಕಾರಬಂದಿನಲ್ಲಿ (ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ತಾಳೆ ನೋಡಿ. 12 ಗುಂಟೆ ಖರಾಬು ಕಳೆದರೆ ಸರಿಯಾಗಿ 6 ಎಕರೆ. ಎರಡೆರಡು ಎಕರೆಯ ಮೂರು ಪಾಲು, ಮೂರನೆಯ ಪಾಲು ಮತ್ತೆ ಅರ್ಧರ್ಧ. ಮೂವರು ಅಣ್ಣತಮ್ಮಂದಿರು, ಮೂರನೆಯವನ ಭಾಗ ಅವನ ಇಬ್ಬರು ಮಕ್ಕಳಿಗೆ ಹೋಗಿದೆ ಎಂದು ಊಹಿಸಬಹುದು. ಆದರೆ ಊಹೆ ಊಹೆಯೇ. ಮೂರನೆಯ ಪಾಲಿನ ಅರ್ಧವನ್ನು ಹೊರಗಿನವರಿಗೆ ಮಾರಿದ್ದರೂ ಲೆಕ್ಕ ಹೀಗೇ ಬರುತ್ತದೆ. ತೀರ್ಮಾನ ಮಾಡುವುದು ಹಿಸ್ಸಾ ಟಿಪ್ಪಣಿ, ಅಂದರೆ ಪಾಲು ಅಳೆದಾಗ ಬರೆದ ಸರ್ವೆ ಚಿತ್ರ.

ಅದು ತಾಲ್ಲೂಕು ಕಚೇರಿಯ ಕಂದಾಯ ಶಾಖೆಯಲ್ಲಿ ಸಿಗುವುದಿಲ್ಲ, ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ (ಜನ ಎ.ಡಿ.ಎಲ್.ಆರ್. ಆಫೀಸು ಅನ್ನುತ್ತಾರೆ) ಕೇಳಬೇಕು. ಮೂಲ ಟಿಪ್ಪಣಿ, ಹಿಸ್ಸಾ ಟಿಪ್ಪಣಿ, ಪಕ್ಕಾ (ಹಿಸ್ಸಾ ಅಳತೆಯ ಪುಸ್ತಕ), ಆಕಾರಬಂದ್, ಗ್ರಾಮ ನಕ್ಷೆ ಐದನ್ನೂ ಒಂದೇ ಅರ್ಜಿಯಲ್ಲಿ ಬರೆಯಿರಿ. ಹಿಸ್ಸಾ ಟಿಪ್ಪಣಿಯಲ್ಲಿ ಅಳತೆಯ ದಿನ ಯಾರ ಸ್ವಾಧೀನದಲ್ಲಿ ಯಾವ ತುಂಡು ಇತ್ತೆಂದು ಹೆಸರು ಸಮೇತ ಇರುತ್ತದೆ, ತಾರೀಖೂ ಇರುತ್ತದೆ. ಮೂಲ ಟಿಪ್ಪಣಿ ಇನ್ನೂ ಹಳೆಯದು. ಮೈಸೂರಿನ ಸರ್ವೆ ಮತ್ತು ಸೆಟ್ಲ್‌ಮೆಂಟ್ ಬೊಂಬಾಯಿ ಪದ್ಧತಿಯಲ್ಲಿ 1863ರಲ್ಲಿ ಚಿತ್ರದುರ್ಗದ ಕಡೆಯಿಂದ ಶುರುವಾಗಿ, ತಾಲ್ಲೂಕು ತಾಲ್ಲೂಕಾಗಿ ಬಂತು. ಎಲ್ಲ ಮುಗಿಯುವ ಹೊತ್ತಿಗೆ ಶತಮಾನವೇ ಮುಗಿದಿತ್ತು. ಆದ್ದರಿಂದ ನಿಮ್ಮ ಊರಿನ ಟಿಪ್ಪಣಿಯ ಮೇಲಿನ ತಾರೀಖೇ ಪ್ರಮಾಣ, ಬೇರೆ ತಾಲ್ಲೂಕಿನದನ್ನು ಇಲ್ಲಿಗೆ ತರಬೇಡಿ. ಹೆಸರು ಎಲ್ಲ ಮೂಲ ಟಿಪ್ಪಣಿಗಳಲ್ಲೂ ಇರುವುದಿಲ್ಲ. ಇದ್ದರೆ ಪುಣ್ಯ.

ಟಿಪ್ಪಣಿ ಓದುವವರಿಗೆ: ಅದು ಕೈಯಲ್ಲಿ ಬರೆದ ಚಿತ್ರ, ಸ್ಕೇಲಿಗೆ ಇರುವುದಿಲ್ಲ, ಅಂಕಿಯೇ ಮುಖ್ಯ. ಅಳೆದ ಸರಪಳಿ 33 ಅಡಿ, 16 ಆಣೆ. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲ ಆದರೆ 1,089 ಚದರಡಿ, ಅದೇ ಒಂದು ಗುಂಟೆ. 40 ಗುಂಟೆ ಒಂದು ಎಕರೆ. "3-8" ಎಂದು ಗೆರೆಯ ಮೇಲೆ ಕಂಡರೆ ಅದು ಮೂರು ಸರಪಳಿ ಎಂಟು ಆಣೆ, ಮೂರು ಎಕರೆ ಎಂಟು ಗುಂಟೆ ಅಲ್ಲ. ಇದನ್ನು ತಪ್ಪಾಗಿ ಓದಿ ಹೊಲವೇ ಬೇರೆ ಎಂದುಕೊಂಡವರಿದ್ದಾರೆ.

ಹೊನ್ನವಳ್ಳಿ:
ಧಾತು ಸಂವತ್ಸರದ ಬಗ್ಗೆ ಯಾರೂ ಹೇಳಲಿಲ್ಲ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ರಭವ 1867-68, ಅಲ್ಲಿಂದ ಎಣಿಸಿದರೆ ಹತ್ತನೆಯದು ಧಾತು 1876-77. ಮುಂದಿನ ಧಾತು 1936-37, ಹಿಂದಿನದು 1816-17. ಮೂರರಲ್ಲಿ ಯಾವುದು ಎಂದು ಕಾಗದವೇ ಹೇಳಬೇಕು. ಶಕ ವರ್ಷ ಇದ್ದರೆ ಅದಕ್ಕೆ 78 ಸೇರಿಸಿ: ಶಕ 1798 ಎಂದಿದ್ದರೆ 1876. ಪುಷ್ಯದಿಂದ ಫಾಲ್ಗುಣದವರೆಗಿನ ತಿಂಗಳಾದರೆ ಸಾಮಾನ್ಯವಾಗಿ ಮುಂದಿನ ಇಸವಿಗೆ ಹೋಗುತ್ತದೆ, ಮಾರ್ಗಶಿರ ಅದೇ ಇಸವಿಯ ಕೊನೆಗೆ ಬೀಳುತ್ತದೆ.

1876ರ ಧಾತು, 1877ರ ಈಶ್ವರ, ಇವೆರಡೂ ದೊಡ್ಡ ಬರಗಾಲದ ವರ್ಷಗಳು. ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50.55 ಲಕ್ಷ ಇದ್ದದ್ದು 1881ಕ್ಕೆ 41.86 ಲಕ್ಷಕ್ಕೆ ಇಳಿಯಿತು. ಕೋಲಾರ, ತುಮಕೂರು ಸೀಮೆಗೆ ಬಿದ್ದ ಪೆಟ್ಟು ಭಾರಿ. ಮಾರ್ಗಶಿರದಲ್ಲಿ, ಅಂದರೆ ಮುಂಗಾರೂ ಹಿಂಗಾರೂ ಕೈಕೊಟ್ಟ ಮೇಲೆ ಹೊಲವನ್ನು ಬರೆದುಕೊಟ್ಟ ಕಾಗದ ಎಂದರೆ ಅದರ ಹಿಂದಿನ ಸಂಕಟ ಊಹಿಸಬಹುದು. ವಂಶಾವಳಿ ಹುಡುಕುವವರು ಇದನ್ನು ನೆನಪಿಡಬೇಕು: ಬರದಲ್ಲಿ ಮನೆಗಳೇ ಅಳಿದವು, ಹೊಲ ಪಾಳು ಬಿದ್ದವು, ಆಮೇಲೆ ಬೇರೆಯವರು ಬಂದು ಉತ್ತರು. ಬರದ ನಂತರ ಸರ್ವೆ ಆದ ಊರಾದರೆ ಮೊದಲ ಸರ್ವೆಯಲ್ಲಿ ಕಾಣುವ ಹೆಸರು ಬರಕ್ಕೂ ಮುಂಚಿನ ಒಕ್ಕಲಿನದೇ ಎಂದು ಹೇಳಲಾಗದು.

ಇನ್ನೊಂದು ಮಾತು, ಊರು-ತಾಲ್ಲೂಕಿನ ಹೆಸರು. ಹಳೆ ಕಾಗದದಲ್ಲಿ ಗೌರಿಬಿದನೂರು "ಗೋರಿಬಿದನೂರು" ಆಗಿರುತ್ತದೆ, ಮಧುಗಿರಿ "ಮದ್ದಗಿರಿ". ಬಂಗಾರಪೇಟೆ ಹಿಂದೆ ಬೌರಿಂಗ್‌ಪೇಟೆ, ಅದಕ್ಕೂ ಹಿಂದೆ ತಾಲ್ಲೂಕು ಬೇತಮಂಗಲದ್ದು. ತಿಪಟೂರು ಕಡೆಯವರು ಹೊನ್ನವಳ್ಳಿ ತಾಲ್ಲೂಕೆಂದು ಹುಡುಕಬೇಕು. ಚಿಕ್ಕಬಳ್ಳಾಪುರ ಜಿಲ್ಲೆ 2007ರಲ್ಲಿ ಆದದ್ದು, ಅದಕ್ಕೂ ಹಿಂದಿನ ಜಿಲ್ಲಾ ಮಟ್ಟದ ಕಡತಕ್ಕೆ ಕೋಲಾರದ ಜಿಲ್ಲಾಧಿಕಾರಿ ಕಚೇರಿಯ ರೆಕಾರ್ಡ್ ರೂಮನ್ನೂ ಕೇಳಬೇಕು.

ರಂಗನಬೆಟ್ಟ:
ಇಷ್ಟೆಲ್ಲ ಕಚೇರಿ ಅಲೆಯುವುದಕ್ಕಿಂತ ಹೆಳವರನ್ನು ಕೇಳುವುದು ಒಳ್ಳೆಯದಲ್ಲವೇ? ತುಮಕೂರು, ಶಿರಾ ಕಡೆ ಹೆಳವರು ಮನೆ ಮುಂದೆ ನಿಂತು ಏಳು ತಲೆಮಾರು ಹೇಳುತ್ತಾರೆ. ಬೆಡಗು, ಮನೆದೇವರು, ಮೂಲ ಊರು ಎಲ್ಲ ಅವರ ಪುಸ್ತಕದಲ್ಲಿದೆ.

ಹೊನ್ನವಳ್ಳಿ:
ಅಣ್ಣ, ಹೆಳವರ ವಿದ್ಯೆಗೆ ನನ್ನ ಗೌರವ ಇದೆ, ಯಾವ ಕಚೇರಿಯೂ ಕೊಡದ ಒಂದನ್ನು ಅವರು ಕೊಡುತ್ತಾರೆ: ಮೂಲ ಊರು. ಮನೆತನ ಎಲ್ಲಿಂದ ಎದ್ದು ಎಲ್ಲಿಗೆ ಬಂತು, ಯಾವ ಊರಲ್ಲಿ ಒಂದು ಕವಲು ಉಳಿಯಿತು ಎಂಬುದು ಪಹಣಿಯಲ್ಲಿ ಎಂದೂ ಸಿಗುವುದಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೇ, ಅದೇ ಕ್ರಮದಲ್ಲಿ, ಧ್ವನಿ ಮುದ್ರಿಸಿಕೊಳ್ಳಿ. ಹೇಳಿದವರ ಊರು, ದಿನಾಂಕ ಬರೆದಿಡಿ. ಆದರೆ ತಲೆಮಾರಿನ ಎಣಿಕೆಗೆ ಅದೊಂದೇ ಸಾಲದು. ಮಕ್ಕಳಿಲ್ಲದವರು ಬಿಟ್ಟುಹೋಗುತ್ತಾರೆ, ಒಂದೇ ಹೆಸರಿನ ಅಜ್ಜ-ಮೊಮ್ಮಗ ಒಬ್ಬನೇ ಆಗಿಬಿಡುತ್ತಾರೆ. ಅವರು ಹೇಳಿದ ಮೂಲ ಊರಿನಲ್ಲಿ ಅದೇ ಮನೆದೇವರ ಒಕ್ಕಲು ಈಗಲೂ ಇದೆಯೇ ನೋಡಿ. ಮನೆದೇವರ ಗುಡಿಯ ಜಾತ್ರೆಗೆ ಯಾವ ಯಾವ ಊರಿನಿಂದ ಒಕ್ಕಲು ಬರುತ್ತದೆ ಎಂದು ಪೂಜಾರಿಗಳನ್ನು ಕೇಳಿದರೆ ಹಳೆಯ ಚದುರಿಕೆ ಗೊತ್ತಾಗುತ್ತದೆ.

ಟಿಪ್ಪಣಿಸಾಲು:
ಹೆಸರಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ, ಉತ್ತರಪಿನಾಕಿನಿಯವರ ಮೊದಲ ಪ್ರಶ್ನೆಗೂ ಇದೇ ಉತ್ತರ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನಮ್ಮಲ್ಲಿ ಬಲವಾಗಿದೆ. ಮುನಿಯಪ್ಪನ ಮಗ ಪಿಳ್ಳಪ್ಪ, ಪಿಳ್ಳಪ್ಪನ ಮಗ ಮತ್ತೆ ಮುನಿಯಪ್ಪ. "ದೊಡ್ಡ", "ಚಿಕ್ಕ" ಎಂಬುದು ಹೆಸರಿನ ಭಾಗ ಎಂದುಕೊಳ್ಳಬೇಡಿ. ಅಣ್ಣ ಬದುಕಿರುವಾಗ ಚಿಕ್ಕಮುನಿಯಪ್ಪ ಆಗಿದ್ದವನು ಅಣ್ಣ ತೀರಿದ ಮೇಲೆ ಬರಿಯ ಮುನಿಯಪ್ಪ ಆಗಿ ದಾಖಲಾಗಿರುತ್ತಾನೆ. ಒಂದು ದಾಖಲೆಯಲ್ಲಿ "ಬಿನ್" ಇದ್ದರೆ ಎರಡು ತಲೆಮಾರು ಸಿಕ್ಕಂತೆ. ಒಂದರ ಅಪ್ಪ ಇನ್ನೊಂದರ ಮಗ ಆಗಿ, ಅದೇ ಸರ್ವೆ ನಂಬರಿನಲ್ಲಿ ಕಂಡರೆ ಮಾತ್ರ ಕೊಂಡಿ ಕೂಡಿತು ಅನ್ನಬೇಕು. ಹೆಸರು ಹೊಂದಿತು, ಹೊಲ ಹೊಂದಲಿಲ್ಲ ಎಂದರೆ ಚುಕ್ಕೆಗೆರೆ ಹಾಕಿ ಬಿಡಿ.

"ಕೋಂ" ಎಂದರೆ ಹೆಂಡತಿ. "ಮುನಿಯಮ್ಮ ಕೋಂ ಪಿಳ್ಳಪ್ಪ" ಎಂಬ ಹೆಸರಲ್ಲಿ ಖಾತೆ ಇದ್ದರೆ ಬಹಳ ಸಲ ಗಂಡ ತೀರಿಕೊಂಡು ಮಕ್ಕಳು ಚಿಕ್ಕವರಿದ್ದ ಕಾಲ ಅದು. ಎಷ್ಟು ವರ್ಷ ಆಕೆಯ ಹೆಸರಲ್ಲಿ ಇತ್ತು ಎಂದು ನೋಡಿದರೆ ಮಕ್ಕಳ ವಯಸ್ಸಿನ ಅಂದಾಜು ಸಿಗುತ್ತದೆ. ಇನ್ನೊಂದು ಸೂಕ್ಷ್ಮ, ಮನೆ ಅಳಿಯತನ. ಕೋಲಾರ, ಬಾಗೇಪಲ್ಲಿ ಕಡೆ ಇಲ್ಲಟಂ ಅನ್ನುತ್ತಾರೆ. ಗಂಡುಮಕ್ಕಳಿಲ್ಲದ ಮನೆಗೆ ಬಂದ ಅಳಿಯನ ಹೆಸರಿಗೆ ಖಾತೆ ಆಗಿರುತ್ತದೆ. "ಬಿನ್" ಮುಂದೆ ಅವನ ಹುಟ್ಟಿದ ಮನೆಯ ಅಪ್ಪನ ಹೆಸರೂ ಇರಬಹುದು, ಮಾವನ ಹೆಸರೂ ಇರಬಹುದು. ಹೊಲದ ಸರಣಿ ಸರಿಯಾಗಿ ಬಂದು ಹೆಸರು ಮಾತ್ರ ದಿಢೀರನೆ ಬೇರೆಯಾದರೆ ಮಾರಾಟ ಎಂದು ತೀರ್ಮಾನಿಸುವ ಮೊದಲು ಇದನ್ನು ನೋಡಿ.

ವರ್ಷದ ಗುಂಪೂ ಸುಳಿವು ಕೊಡುತ್ತದೆ. 1918ರ ಇನ್‌ಫ್ಲುಯೆಂಜಾ ಆದ ಮೇಲಿನ ಒಂದೆರಡು ಸಾಲಿನಲ್ಲಿ ಒಂದೇ ಮನೆಯಲ್ಲಿ ಎರಡು ಮೂರು ಪೌತಿ ಒಟ್ಟಿಗೆ ಕಂಡರೆ ಆಶ್ಚರ್ಯಪಡಬೇಡಿ.

ಉತ್ತರಪಿನಾಕಿನಿ:
ಇವತ್ತು ಆರ್.ಆರ್. ನಕಲು ಬಂತು. 45/2ರಲ್ಲಿ "ದೊಡ್ಡಮುನಿಯಪ್ಪ ಬಿನ್ ಪಿಳ್ಳಪ್ಪ, ಪಿತ್ರಾರ್ಜಿತ" ಎಂದಿದೆ. 45/1ರಲ್ಲಿ "ವೆಂಕಟಪ್ಪ ಬಿನ್ ಪಿಳ್ಳಪ್ಪ". 45/3ರಲ್ಲಿ "ನಾರಾಯಣಪ್ಪ ಮತ್ತು ಮುನಿಶಾಮಿ, ಬಿನ್ ಲೇಟ್ ಚಿಕ್ಕಮುನಿಯಪ್ಪ". ಮೂಲ ಟಿಪ್ಪಣಿಗೆ ಮಾತ್ರ "ಲಭ್ಯವಿಲ್ಲ" ಎಂದು ಬಾಯಲ್ಲಿ ಹೇಳಿದರು.

ಕೋರ್ಟುಕಡತ:
ಹಾಗಾದರೆ ಮೂರು ಪಾಲಿನ ಲೆಕ್ಕ ಕೂಡಿತು. 45/3ರಲ್ಲಿ ಇರುವವರು ಅಣ್ಣತಮ್ಮಂದಿರೇ, ಹೊರಗೆ ಮಾರಿದ್ದಲ್ಲ. ಚಿಕ್ಕಮುನಿಯಪ್ಪನ ಅಪ್ಪ ಪಿಳ್ಳಪ್ಪ ಎಂದು ಮಾತ್ರ ಎಲ್ಲೂ ಬರೆದಿಲ್ಲ, ಅದಕ್ಕೆ ಹಿಸ್ಸಾ ಟಿಪ್ಪಣಿಯೋ ಪಾಲುಪಟ್ಟಿಯೋ ಬೇಕು. ಈಗ ಮೇಲಿನಿಂದ: ಪಿಳ್ಳಪ್ಪ, ಅವನ ಮಗ ದೊಡ್ಡಮುನಿಯಪ್ಪ, ಅವನ ಮಗ ಇನ್ನೊಬ್ಬ ಪಿಳ್ಳಪ್ಪ. ರೂಢಿಯ ಪ್ರಕಾರ ಆ ಹಿರಿಯ ಪಿಳ್ಳಪ್ಪನ ಅಪ್ಪ ಮುನಿಯಪ್ಪ ಇರಬಹುದು. ಧಾತು ಕಾಗದದವನು ಅವನೇ ಇರಬಹುದು. ಎರಡು "ಇರಬಹುದು" ಆಯಿತು, ದಾಖಲೆ ಒಂದೂ ಆಗಲಿಲ್ಲ.

"ಲಭ್ಯವಿಲ್ಲ" ಎಂಬುದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಅರ್ಜಿ ಕೊಟ್ಟು ಹಿಂಬರಹ ತೆಗೆದುಕೊಳ್ಳಿ. ಬರೆದು ಕೊಡಬೇಕಾದಾಗ ಇನ್ನೊಮ್ಮೆ ಹುಡುಕುವುದೂ ಉಂಟು. ಹಿಂಬರಹ ಇದ್ದರೆ ಜಿಲ್ಲೆಯ ಭೂದಾಖಲೆಗಳ ಉಪನಿರ್ದೇಶಕರ ಕಚೇರಿಯಲ್ಲಿ ಅದನ್ನು ತೋರಿಸಿ ಕೇಳಬಹುದು. ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೂ ಹೋಗಿ ಬನ್ನಿ. ಅಲ್ಲಿರುವುದು ಸಂಸ್ಥಾನದ ಸರ್ಕಾರಿ ಕಡತಗಳು. ಪ್ರತಿ ರೈತನ ಖಾತೆ ಸಿಗುವ ಜಾಗ ಅಲ್ಲ. ಊರಿನ ಕೆರೆ, ಇನಾಂ, ಕಂದಾಯ ಮಾಫಿ, ತಕರಾರು ಅರ್ಜಿ ಇವುಗಳ ಜೊತೆ ಹೆಸರು ಬಂದಿದ್ದರೆ ಸಿಗುತ್ತದೆ. ಊರಿನ ಹೆಸರಿನಿಂದ ಸೂಚಿ ನೋಡಿ, ಮನೆತನದ ಹೆಸರಿನಿಂದ ಅಲ್ಲ.

ಬೇತಮಂಗಲ:
ಎಲ್ಲರೂ ಸರ್ಕಾರಿ ಗ್ರಾಮ ಎಂದೇ ಮಾತಾಡುತ್ತಿದ್ದೀರಿ. ಕೋಲಾರ ಸೀಮೆಯಲ್ಲಿ ಜೋಡಿ ಗ್ರಾಮ, ಸರ್ವಮಾನ್ಯ, ಕಾಯಂಗುತ್ತ ಗ್ರಾಮ ಬಹಳ, ಅಂದರೆ ಕಂದಾಯ ಕಮ್ಮಿ ಮಾಡಿ, ಪೂರ್ತಿ ಬಿಟ್ಟು, ಇಲ್ಲವೇ ಕಾಯಂ ಮಾಡಿ ಒಬ್ಬರಿಗೆ ಕೊಟ್ಟ ಊರುಗಳು. ಅಂಥ ಊರಿನ ಹಳೆ ದಾಖಲೆಯಲ್ಲಿ ಎಲ್ಲ ನಂಬರಿಗೂ ಜೋಡಿದಾರನ ಹೆಸರೇ ಇರುತ್ತದೆ, ಉತ್ತು ಬಿತ್ತಿದವನ ಹೆಸರು ಇರುವುದಿಲ್ಲ. ಅಲ್ಲಿ ಹುಡುಕಬೇಕಾದದ್ದು ಇನಾಂ ರದ್ದಿಯಾತಿಯ ಕಡತ. ವೈಯಕ್ತಿಕ ಮತ್ತು ಇತರ ಇನಾಂಗಳಿಗೆ 1954ರ ಕಾಯ್ದೆ, ದೇವಸ್ಥಾನ-ಧರ್ಮದತ್ತಿಯ ಇನಾಂಗಳಿಗೆ 1955ರ ಕಾಯ್ದೆ. ತಾನು ಕದೀಮ್ ಗೇಣಿದಾರ, ಅಂದರೆ ತಲೆತಲಾಂತರದಿಂದ ಉಳುತ್ತ ಬಂದವನು ಎಂದು ಸಾಬೀತು ಮಾಡಲು ರೈತರು ಅಪ್ಪ, ತಾತನ ಹೆಸರು, ಗುತ್ತಿಗೆ ರಸೀದಿ, ಸಾಕ್ಷಿ ಎಲ್ಲ ಕೊಟ್ಟಿದ್ದಾರೆ. ಕಾಯ್ದೆ 20ನೇ ಶತಮಾನದ್ದು, ಒಳಗಿರುವ ಕಾಗದ ಅದಕ್ಕಿಂತ ಎಷ್ಟೋ ಹಳೆಯದು. ಭೂನ್ಯಾಯಮಂಡಳಿಯ ನಮೂನೆ 7ರ (ಗೇಣಿದಾರರ ಅರ್ಜಿ) ಕಡತಗಳೂ, 1974ರ ತಿದ್ದುಪಡಿ ಆದ ಮೇಲಿನವು, ಇದೇ ರೀತಿ ಉಪಯೋಗಕ್ಕೆ ಬರುತ್ತವೆ.

ಕೆರೆಯಂಗಳ:
ಖಾತೆಯೇ ಇಲ್ಲದ ಮನೆಗಳ ಗತಿ? ಎಷ್ಟೋ ದಲಿತ ಕುಟುಂಬಗಳು ದುಡಿದದ್ದು ಬೇರೆಯವರ ಹೊಲದಲ್ಲಿ. ಅವರ ಹೆಸರು ಪಹಣಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಬೇತಮಂಗಲ:
ತೋಟಿ, ತಳವಾರ, ನೀರಗಂಟಿ ಕೆಲಸಕ್ಕೆ ಇನಾಂ ಜಮೀನು ಇರುತ್ತಿತ್ತು. ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1961ರದು. ಅದಾದ ಮೇಲೆ ಆ ಜಮೀನನ್ನು ಹಿಡಿದಿದ್ದವರಿಗೆ ಮರುಮಂಜೂರು ಮಾಡಿದ ಕಡತಗಳಿವೆ, ಜನ ರೀಗ್ರಾಂಟ್ ಫೈಲು ಅನ್ನುತ್ತಾರೆ. ಸರದಿಯ ಮೇಲೆ ಕೆಲಸ ಮಾಡುತ್ತಿದ್ದ ಮನೆಗಳೆಲ್ಲ ಹಕ್ಕು ಕೇಳಿದ್ದರಿಂದ ಒಂದೇ ಕಡತದಲ್ಲಿ ನಾಲ್ಕೈದು ಕವಲಿನ ವಂಶಾವಳಿ ಸಿಗುವುದುಂಟು. ಪಹಣಿಯಲ್ಲಿ "ತೋಟಿ ಇನಾಂ", "ತಳವಾರಿ ಇನಾಂ", "ನೀರಗಂಟಿ ಇನಾಂ" ಎಂದು ಎಲ್ಲೆಲ್ಲಿ ಇದೆ ಎಂದು ಊರಿನ ಎಲ್ಲ ನಂಬರು ಹುಡುಕಿ. ಆಮೇಲೆ ದರಖಾಸ್ತು ರಿಜಿಸ್ಟರ್, ಸಾಗುವಳಿ ಚೀಟಿ. ಸರ್ಕಾರಿ ಜಮೀನು ಮಂಜೂರಾದ ಮನೆಗೆ ದಾಖಲೆ ಶುರುವಾಗುವುದೇ ಅಲ್ಲಿಂದ. ಈ ಕಡತಗಳನ್ನು ಯಾರೂ ಕೇಳಿ ಪಡೆಯುತ್ತಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಆ ಮನೆಗಳಿಗೆ ಬೇರೆ ಲಿಖಿತ ಆಧಾರ ಸಿಗುವುದು ಕಷ್ಟ.

ಬಳಪದಕಡ್ಡಿ:
ಶಾನುಭೋಗರ ಮನೆಯ ಕಡತಗಳ ಬಗ್ಗೆ ಎರಡು ಮಾತು. ಬಟ್ಟೆಗೆ ಹುಣಸೆಬೀಜದ ಗಂಜಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಪಟ್ಟಿಪಟ್ಟಿಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕ ಅದು. ಸರ್ವೆಗೂ ಮೊದಲಿನ ಊರಿನ ಲೆಕ್ಕ ಸಿಗುವುದಿದ್ದರೆ ಇಲ್ಲೇ. ಬೆರಳು ತಾಗಿದರೆ ಅಕ್ಷರ ಅಳಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವುದು, ಅಕ್ಷರ ಎದ್ದು ಕಾಣಲೆಂದು ಪುಡಿ ಹಚ್ಚುವುದು ಎರಡೂ ಬೇಡ. ಕಿಟಕಿಯ ಪಕ್ಕ ಇಟ್ಟು, ಬೆಳಕು ಪಕ್ಕದಿಂದ ಓರೆಯಾಗಿ ಬೀಳುವಂತೆ ಮಾಡಿ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಫ್ಲ್ಯಾಷ್ ಹಾಕಿದರೆ ಕಪ್ಪು ಮೈ ಹೊಳೆದು ಏನೂ ಕಾಣದು. ಮಡಿಕೆ ಬಿಚ್ಚುವಾಗ ಸೀಳಿದರೆ ಅಲ್ಲಿಗೇ ನಿಲ್ಲಿಸಿ. ಹಳೆ ಛಾಪಾ ಕಾಗದಕ್ಕೆ ಸೆಲ್ಲೋಟೇಪು ಅಂಟಿಸಲೇಬೇಡಿ, ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ.

ಲಿಪಿ ಕನ್ನಡವೇ ಇದ್ದರೂ ಓದಲು ತಿಣುಕಬೇಕಾಗುತ್ತದೆ. ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯ ಮೊದಲ ದಶಕಗಳ ಸರ್ಕಾರಿ ಲೆಕ್ಕದಲ್ಲಿ ಮರಾಠಿ, ಮೋಡಿ ಲಿಪಿ ಕೂಡ ಬರುತ್ತದೆ. ಬಾಗೇಪಲ್ಲಿ, ಮುಳಬಾಗಿಲು ಕಡೆಯ ಮನೆಕಾಗದ ತೆಲುಗಿನಲ್ಲಿರುವುದೂ ಸಹಜ. ಭಿನ್ನರಾಶಿಗೆ ಕಡ್ಡಿ ಗುರುತು: ನಿಂತ ಗೆರೆ ಒಂದು ಎಂದರೆ ಕಾಲು, ಎರಡು ಎಂದರೆ ಅರೆ, ಮೂರು ಮುಕ್ಕಾಲು. ಅವುಗಳನ್ನು 1, 11, 111 ಎಂದು ಓದಿದರೆ ಲೆಕ್ಕವೆಲ್ಲ ತಲೆಕೆಳಗು. ಜಮೀನು ಎಕರೆಯಲ್ಲಿ ಇರುವುದಿಲ್ಲ, ಖಂಡುಗ-ಕೊಳಗದ ಬೀಜವರಿಯಲ್ಲಿ (ಬಿತ್ತಲು ಬೇಕಾದ ಬೀಜದ ಲೆಕ್ಕದಲ್ಲಿ) ಇರುತ್ತದೆ, 20 ಕೊಳಗ ಒಂದು ಖಂಡುಗ. ಒಂದು ಖಂಡುಗ ಖುಷ್ಕಿ (ಮಳೆಯಾಶ್ರಿತ ಜಮೀನು) ಒಂದು ಖಂಡುಗ ತರಿಗಿಂತ (ನೀರಾವರಿ ಜಮೀನು) ಎಷ್ಟೋ ಪಾಲು ದೊಡ್ಡದು, ಆದ್ದರಿಂದ ಎಕರೆಗೆ ತಿರುಗಿಸುವ ಒಂದೇ ಸೂತ್ರ ಇಲ್ಲ. ಹಣ ಕಂಠೀರಾಯಿ ಆದರೆ 10 ಹಣಕ್ಕೆ ಒಂದು ವರಹ, ವರಹಕ್ಕೆ ಮೂರು ರೂಪಾಯಿಗೆ ಸ್ವಲ್ಪ ಕಮ್ಮಿ.

ಉತ್ತರಪಿನಾಕಿನಿಯವರೇ, ನಿಮ್ಮ ಧಾತು ಕಾಗದದಲ್ಲಿ ಹಣದ ಲೆಕ್ಕ ಹೇಗಿದೆ? ಹಿಂಬದಿಯಲ್ಲಿ ಛಾಪಾ ಕಾಗದ ಮಾರಿದವನ ಷರಾ ಇದೆಯೇ?

ಉತ್ತರಪಿನಾಕಿನಿ:
"ಕಂಪನಿ ರೂಪಾಯಿ 35" ಎಂದಿದೆ. ಹಿಂಬದಿಯಲ್ಲಿ ಮಸುಕಾಗಿ ಇಸವಿ ಇದೆ, 18 ಎಂಬುದು ಸ್ಪಷ್ಟ, ಮುಂದಿನ ಎರಡು ಅಂಕಿ ಹರಿದಿದೆ. ಚೆಕ್ಕುಬಂದಿ: ಪೂರ್ವಕ್ಕೆ ಕಟ್ಟೆ ಕಾಲುವೆ, ಪಶ್ಚಿಮಕ್ಕೆ ಹನುಮಂತರಾಯನ ಗುಡಿ ಮಾನ್ಯ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಗಂಗಪ್ಪನ ಹೊಲ.

ಹೊನ್ನವಳ್ಳಿ:
18 ಇದ್ದ ಮೇಲೆ 1936 ಹೋಯಿತು. ಕಂಪನಿ ರೂಪಾಯಿ 1835ರಿಂದ ಚಲಾವಣೆಗೆ ಬಂದದ್ದು, ಹಾಗಾಗಿ 1816 ಕೂಡ ಹೋಯಿತು. ಕಂಪನಿ ಆಳ್ವಿಕೆ ಮುಗಿದ ಮೇಲೂ ಜನ ಆ ಮಾತನ್ನು ಬಿಟ್ಟಿರಲಿಲ್ಲ. 1876ರದೇ.

ಟಿಪ್ಪಣಿಸಾಲು:
ಚೆಕ್ಕುಬಂದಿ ಇಷ್ಟು ಚೆನ್ನಾಗಿರುವಾಗ ಇನ್ನು ಹೊಲ ಗುರುತಿಸುವುದು ಕಷ್ಟವಲ್ಲ. ಗ್ರಾಮ ನಕ್ಷೆಯನ್ನು ಡೌನ್‌ಲೋಡ್ ಮಾಡಿ, 45ರ ಸುತ್ತಲಿನ ನಂಬರುಗಳನ್ನು ಬರೆದುಕೊಳ್ಳಿ. ಗುಡಿ ಮಾನ್ಯ ಎಲ್ಲಕ್ಕಿಂತ ಗಟ್ಟಿ ಗುರುತು. ಒಕ್ಕಲಿನ ಹೊಲ ಕೈ ಬದಲಾಯಿಸುತ್ತದೆ, ದೇವರ ಇನಾಂ ಅಷ್ಟು ಸುಲಭಕ್ಕೆ ಬದಲಾಗದು, ಆರ್.ಆರ್.ನಲ್ಲಿ ದೇವಾದಾಯ ಇನಾಂ ಎಂದೇ ಉಳಿದಿರುತ್ತದೆ. 45ರ ಪಶ್ಚಿಮದ ನಂಬರು ಹನುಮಂತರಾಯ ದೇವರ ಇನಾಂ ಆಗಿದ್ದರೆ ಅರ್ಧ ಕೆಲಸ ಮುಗಿಯಿತು. ಬಂಡಿದಾರಿ ನಕ್ಷೆಯಲ್ಲಿ ಜೋಡು ಚುಕ್ಕೆಗೆರೆ ಆಗಿ ಇರಬಹುದು, ಕಾಲುವೆಯ ಜಾಗ ಖರಾಬಿನಲ್ಲಿ ಹೋಗಿರಬಹುದು. ನಿಮ್ಮ 12 ಗುಂಟೆ ಖರಾಬು ಯಾವ ಕಡೆ ಇದೆ ಎಂದು ಪಕ್ಕಾದಲ್ಲಿ ನೋಡಿ, ಪೂರ್ವದ ಅಂಚಿನಲ್ಲಿದ್ದರೆ ಅದೂ ಹೊಂದಿತು. ಆಮೇಲೆ ದಕ್ಷಿಣದ ನಂಬರಿನ ಆರ್.ಆರ್. ತೆಗೆಸಿ, ಅದರಲ್ಲಿ "ಬಿನ್ ಗಂಗಪ್ಪ" ಎಂಬ ಹೆಸರು ಇದೆಯೇ ನೋಡಿ.

ಇಷ್ಟು ಹೊಂದಿದರೂ ಸಿದ್ಧವಾಗುವುದು ಹೊಲ ಒಂದೇ ಎಂಬುದು. ಬರದಲ್ಲಿ ಬರೆದುಕೊಟ್ಟ ಹೊಲ ಮತ್ತೆ ಅದೇ ಮನೆಗೆ "ಪಿತ್ರಾರ್ಜಿತ" ಆಗಿ ಬಂದಿದೆ ಎಂದರೆ ಅದು ಭೋಗ್ಯವಾಗಿದ್ದು ಬಿಡಿಸಿಕೊಂಡಿರಬೇಕು, ಇಲ್ಲವೇ ಬರೆಸಿಕೊಂಡವನ ಮನೆಯೇ ನಿಮ್ಮದಾಗಿರಬೇಕು. ಕಾಗದ ಟ್ರಂಕಿನಲ್ಲಿ ಉಳಿದಿದೆ ಎಂಬುದನ್ನು ಮರೆಯಬೇಡಿ. ಕ್ರಯಪತ್ರ ಇರುವುದು ಕೊಂಡವನ ಹತ್ತಿರ. ಭೋಗ್ಯಪತ್ರ ಬರೆದುಕೊಟ್ಟವನ ಕೈಗೆ ವಾಪಸು ಬರುವುದು ಸಾಲ ತೀರಿಸಿದಾಗ, ಆಗ ಅಂಚಿನಲ್ಲೋ ಹಿಂಬದಿಯಲ್ಲೋ "ಚುಕ್ತಾ" ಎಂದು ಷರಾ ಹಾಕಿರುತ್ತಾರೆ. ಆ ಕಾಗದದಲ್ಲಿ ಬರೆಸಿಕೊಂಡವನ ಹೆಸರು ಏನಿದೆ ಎಂದು ನೀವು ಇನ್ನೂ ಹೇಳಿಲ್ಲ.

ಉತ್ತರಪಿನಾಕಿನಿ:
ಬರೆಸಿಕೊಂಡವನ ಹೆಸರು ಮಡಿಕೆಯಲ್ಲಿ ಸಿಕ್ಕಿಕೊಂಡಿದೆ, "...ಯ್ಯ ಶೆಟ್ಟಿ" ಎಂಬುದು ಮಾತ್ರ ಕಾಣುತ್ತದೆ. ಹಿಂಬದಿಯಲ್ಲಿ ಓರೆ ಬೆಳಕು ಬಿಟ್ಟು ನೋಡಿದೆ. ಎರಡು ಸಾಲು ಇದೆ, ಮಸಿ ಬೇರೆ. ಮೊದಲ ಪದ "ಚುಕ್ತಾ", ಅದರ ಮುಂದೆ "ವ್ಯಯ ಸಂ" ಎಂದು ಓದಬಹುದು. ಸೋಮವಾರ ಪಶ್ಚಿಮದ ನಂಬರಿಗೂ ದಕ್ಷಿಣದ ನಂಬರಿಗೂ ಅರ್ಜಿ ಹಾಕುತ್ತೇನೆ.

ಹೊನ್ನವಳ್ಳಿ:
ವ್ಯಯ ಎಂದರೆ 1886-87. ಹತ್ತು ವರ್ಷಕ್ಕೆ ಬಿಡಿಸಿಕೊಂಡಿದ್ದಾರೆ. ಎರಡನೇ ಸಾಲಿನಲ್ಲಿ ಹಣ ಸಂದಾಯ ಮಾಡಿದವನ ಹೆಸರು ಇರಬೇಕು, "ಮುನಿಯಪ್ಪನ ಮಗ" ಎಂದೇನಾದರೂ ಇದೆಯೇ ನಿಧಾನವಾಗಿ ಓದಿ. ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಬೆಳಕು ಕಮ್ಮಿ ಮಾಡಿ ನೋಡಿದರೆ ಮಸಿಯ ಗೆರೆ ಬಿಡಿಸಿಕೊಳ್ಳುತ್ತದೆ.